ಶಂಕ್ರಪ್ಪನ ಕಣದಲ್ಲೊಂದು ಹುತ್ತ

ಹಿರೇಬೆಂಡಿಗೇರಿಯ ಹೆಣ್ಣುಮಕ್ಕಳು ವರ್ಷವೂ ಹಾಲೆರೆಯುತ್ತಿದ್ದ ಹುತ್ತ ರಸ್ತೆ ಅಗಲ ಮಾಡುವಾಗ ಹೋಯಿತು. ಜೆಸಿಬಿಯವನು ಮೊದಲು ಕೆಳಗಿಳಿದು ಕೈಮುಗಿದ, ಊದಿನಕಡ್ಡಿ ಹಚ್ಚಿದ, ಆಮೇಲೆ ಮುಖ ಬೇರೆ ಕಡೆ ತಿರುಗಿಸಿಕೊಂಡು ಬಕೆಟ್ಟು ಊರಿದ. ಹುತ್ತ ಹಲಸಿನ ಹಣ್ಣಿನಂತೆ ಎರಡು ಹೋಳಾಯಿತು. ಊರವರು ತಲೆ ತಗ್ಗಿಸಿ ನಿಂತಿದ್ದರೆ, ಎಲೆತೋಟದ ಗುತ್ತೆಪ್ಪನ ಮಗಳು ಯಶೋಧರಾ ಗುಂಡಿಗಿಳಿದು ಒಳಗಿನ ಓಣಿ, ಕಿಂಡಿಗಳನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತ ಸಂಜೆಯವರೆಗೆ ಕೂತಳು. ಹುತ್ತದ ಹೊಟ್ಟೆಯೊಳಗೇನಿದೆ ಎಂದು ಅವಳು ಎರಡು ವರ್ಷದಿಂದ ನೋಡಬೇಕೆಂದಿದ್ದಳು. ಒಡೆಯುತ್ತೇನೆಂದರೆ ಯಾರು ಬಿಟ್ಟಾರು?

ಧಾರವಾಡದಲ್ಲಿ ಓದುವಾಗ ಅವಳ ತಲೆಯಲ್ಲಿ ಹೊಕ್ಕ ಹುಳ ಅದು. ಮುಂದೆ ಕರೆಂಟೂ ಸಾಲದ, ನೀರೂ ಸಾಲದ ಕಾಲ ಬರುತ್ತದೆ. ಆಗ ಎರಡೂ ಇಲ್ಲದೆ ಬದುಕಿದ ಜೀವಗಳ ಹತ್ತಿರವೇ ಪಾಠಕ್ಕೆ ಹೋಗಬೇಕು. ಗೆದ್ದಲು ಬಿಸಿಲಲ್ಲೇ ಮನೆ ಕಟ್ಟಿ ತಂಪಾಗಿರುತ್ತದೆ. ಅಪ್ಪನ ವೀಳ್ಯದೆಲೆಯೋ, ಕಿತ್ತ ಮೂರನೆಯ ದಿನಕ್ಕೆ ಹಳದಿ. ಸವಣೂರಿನ ಪೇಟೆ ಒಂದು ದಿನ ಡಲ್ಲಾದರೆ ಅಷ್ಟೂ ತಿಪ್ಪೆಗೆ. ಫ್ರಿಜ್ಜಿನಲ್ಲಿಟ್ಟರೆ ಎಲೆ ಕಪ್ಪಾಗುತ್ತದೆ. ಎಲೆಗೊಂದು ಹುತ್ತ ಕಟ್ಟಿದರೆ ಹೇಗೆ?

ಜಾಗ ಕೊಟ್ಟವರು ಊರ ಹಿರಿಯ ಶಂಕ್ರಪ್ಪ. ಅವರ ಕಣದ ಮೂಲೆಯಲ್ಲಿ ಕೆಂಪು ಮಣ್ಣು, ಬತ್ತದ ಹೊಟ್ಟು, ಸಗಣಿ ಕಲಸಿ, ಕೆಳಗೆ ಗಾಳಿ ಹೋಗಲು ಕಿಂಡಿ, ಮೇಲೆ ಬರಲು ಕೊಳವೆ ಇಟ್ಟು, ಆಳೆತ್ತರದ ಹುತ್ತ ಎದ್ದಿತು. ಬಾಗಿಲ ಬದಲು ಒಂದು ಮರದ ಹಲಗೆ. ನೋಡಿದವರು ಹಾವಿಲ್ಲ ತಾನೇ ಎಂದು ಕೇಳಿ ಹೋದರು. ಆದರೆ ಮೂರು ಸಲ ಎಲೆ ಇಟ್ಟರೂ ಮೂರೂ ಸಲ ಮೂರನೆಯ ದಿನಕ್ಕೆ ಹಳದಿ. ಶ್ರಾವಣ ಬಂದರೂ ಮಳೆ ಬಾರದೆ ಬಿಸಿಲು ಚುರುಗುಟ್ಟುತ್ತಿತ್ತು. ಶಂಕ್ರಪ್ಪ ಮೀಸೆ ನೀವುತ್ತ, ಟ್ರ್ಯಾಕ್ಟರಿಗೆ ಶೆಡ್ಡು ಹಾಕಬೇಕಾಗಿದೆ, ಪಂಚಮಿ ಮಾರನೇ ದಿನ ಗುದ್ದಲಿ ಹಾಕಿಸುತ್ತೇನೆ ಎಂದರು. ನಾಗರ ಚೌತಿಯ ಬೆಳಗ್ಗೆ ಗುತ್ತೆಪ್ಪ ತೋಟದ ಅತಿ ಒಳ್ಳೆಯ ಎಲೆಯನ್ನೇ ಕಿತ್ತು ಎರಡು ಕಟ್ಟು ಮಾಡಿ ಮಗಳ ಕೈಗಿಟ್ಟ. ಒಂದು ಮನೆಯಲ್ಲಿ, ಒಂದು ಹುತ್ತದಲ್ಲಿ; ಇದೇ ಕೊನೆಯ ಪರೀಕ್ಷೆ.

ಎಲೆ ಇಟ್ಟು ಬಂದು ಒಂದು ತಾಸಾಗಿರಲಿಲ್ಲ, ಕಣದ ಕಡೆಯಿಂದ ಬಳೆ ಸದ್ದು, ನಗೆ. ಯಶೋಧರಾ ಓಡಿದಳು. ತವರಿಗೆ ಬಂದ ನಲವತ್ತು ಹೆಣ್ಣುಮಕ್ಕಳು ರೇಷ್ಮೆ ಸೀರೆ ಉಟ್ಟು ಹುತ್ತವನ್ನು ಸುತ್ತಿದ್ದರು. ಮುಂದೆ ಹಾನಗಲ್ಲಿನಿಂದ ಬಂದ ಶಂಕ್ರಪ್ಪನ ಮಗಳು ಅಂಕಿತಾ. ಹಳೆಯದು ಹೋಯಿತೆಂದು ಅಪ್ಪ ಹೊಸದನ್ನು ಕಟ್ಟಿಸಿದ್ದಾನೆಂದೇ ಅವಳು ತಿಳಿದಿದ್ದಳು. ಅರಿಷಿಣ, ಕುಂಕುಮ ಬಿದ್ದಾಗಿತ್ತು. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎನ್ನುತ್ತ ಗಿಂಡಿ ಗಿಂಡಿ ಹಾಲು ಮಣ್ಣಿನ ಮೇಲೆ ಇಳಿಯುತ್ತಿತ್ತು. ಹಾಲೆಂದರೆ ಹೆಸರಿಗೆ, ಮುಕ್ಕಾಲು ಪಾಲು ನೀರೇ.

"ಅಕ್ಕಾ, ಅದು ಹುತ್ತ ಅಲ್ರಿ," ಎಂದಳು ಯಶೋಧರಾ.

"ಹುತ್ತ ಅಲ್ಲಂದ್ರ ಮತ್ತೇನ? ನಿಮ್ಮನಿ ಕಪಾಟ?"

"ಹೌದ್ರಿ. ಕಪಾಟ. ಒಳಗ ನಮ್ಮಪ್ಪನ ಎಲಿ ಅದಾವು."

ಅಂಕಿತಾ ಗಿಂಡಿ ಹಿಡಿದುಕೊಂಡೇ ಹಲಗೆಯ ಸಂದಿಯಲ್ಲಿ ಇಣುಕಿದಳು. ಹಿಂದೆ ನಿಂತವರು ಕಿಸಕ್ಕೆಂದರು.

"ಇರ್ಲಿ ಬಿಡ. ನಾಗಪ್ಪ ಎಲಿ ಅಡಕಿ ಹಾಕ್ಕೋಬಾರ್ದೇನ?" ಎಂದು ಉಳಿದ ಹಾಲನ್ನೂ ಸುರಿದಳು.

ಮರುದಿನ ಪಂಚಮಿಗೆ ಇನ್ನೊಂದು ಸಲ ಎರೆದರು. ಯಶೋಧರಾ ಜೋಕಾಲಿಗೂ ಹೋಗಲಿಲ್ಲ, ಅವ್ವ ಕೊಟ್ಟ ಶೇಂಗಾ ಉಂಡಿಯನ್ನೂ ಮುಟ್ಟಲಿಲ್ಲ.

ಮೂರನೆಯ ಬೆಳಗ್ಗೆ ಶಂಕ್ರಪ್ಪ ಆಳು ಹುಚ್ಚಪ್ಪನನ್ನು ಕರೆದುಕೊಂಡು ಕಣಕ್ಕೆ ಬಂದರು. ಹುಚ್ಚಪ್ಪ ಅರಿಷಿಣ ನೋಡಿದ್ದೇ ಗುದ್ದಲಿಯನ್ನು ಬೆನ್ನ ಹಿಂದೆ ಮಾಡಿ, ತನಗೆ ಮೂರು ಮಕ್ಕಳು ಅಂದ. ಶಂಕ್ರಪ್ಪ ಗುದ್ದಲಿ ಇಸಿದುಕೊಂಡರು. ಒಂದು ಹೆಜ್ಜೆ ಮುಂದಿಟ್ಟರು. ಹುತ್ತದ ಹಣೆಯ ಮೇಲೆ ಮಗಳ ಐದು ಬೆರಳಿನ ಗುರುತು ಹಳದಿಯಾಗಿ ಮೂಡಿತ್ತು. ಅವರ ಕೈ ತಾನಾಗಿ ಇಳಿಯಿತು.

"ಎಲಿ ತಗೊಂಡ ಬಿಡ್ತೇನ್ರಿ ಗೌಡ್ರ," ಎಂದು ಯಶೋಧರಾ ಹಲಗೆ ಸರಿಸಿ ಕೈ ಹಾಕಿದಳು. ಹಾಕಿದ ಕೈಯನ್ನು ಹೊರಗೆ ತೆಗೆಯಲೇ ಇಲ್ಲ. ನೀರು ತುಂಬಿದ ಹರವಿಯ ಹೊಟ್ಟೆ ಮುಟ್ಟಿದ ಹಾಗೆ ಒಳಗೆ ತಣ್ಣಗಿತ್ತು. ಆಗ ನೆನಪಾಯಿತು: ಹೋಳಾದ ಹುತ್ತದ ಒಳಮಣ್ಣು ಬೆರಳಿಗೆ ಹಸಿಯಾಗಿ ಹತ್ತಿತ್ತು. ಹಿಂದಿನ ದಿನದ ಹನಿಮಳೆ ಇರಬೇಕೆಂದು ಅವಳು ಅದನ್ನು ಬರೆದೇ ಇರಲಿಲ್ಲ. ಗೆದ್ದಲು ಕೆಳಗಿನಿಂದ ಹಸಿಮಣ್ಣು ಹೊತ್ತು ತರುತ್ತದೆ; ಆ ಹಸಿ ಆರುತ್ತ ಆರುತ್ತ ಒಳಗೆಲ್ಲ ತಂಪಾಗುತ್ತದೆ. ಅವಳು ಓಣಿಗಳನ್ನೆಲ್ಲ ಕಟ್ಟಿ, ಹಸಿಯನ್ನು ಮರೆತಿದ್ದಳು.

ಗುತ್ತೆಪ್ಪ ಮನೆಯಲ್ಲಿದ್ದ ಕಟ್ಟನ್ನು ತಂದು ಪಕ್ಕದಲ್ಲಿಟ್ಟ. ಅದು ಹಳದಿ. ಹುತ್ತದ್ದು ಹಸಿರು, ತುದಿಯವರೆಗೂ. ಶಂಕ್ರಪ್ಪ ಒಂದು ಎಲೆ ತೆಗೆದು, ಸುಣ್ಣ ಹಚ್ಚಿ, ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು.

"ಶೆಡ್ಡು ಆ ಕಡೆ ಹಾಕಿದ್ರಾತು," ಎಂದರು ಕೊನೆಗೆ. "ಆದ್ರ ದಿನಾ ಹಾಲು ಹಾಕಾಕ ನನ್ನ ಕಡೆ ಎಮ್ಮಿ ಇಲ್ಲ, ನೋಡವಾ."

ಹಾಲು ಬೇಕಾಗಲಿಲ್ಲ. ಅಕ್ಕಿ ತೊಳೆದ ನೀರು, ಗಿಂಡಿ ತೊಳೆದ ನೀರು, ಮನೆಗೊಂದು ತಂಬಿಗೆ; ಹೊರಗಿನ ಗೋಡೆ ನೆನೆದರೆ ಸಾಕಿತ್ತು. ಚೆಲ್ಲುವ ನೀರೇ ಆದ್ದರಿಂದ ಯಾರಿಗೂ ಭಾರವಾಗಲಿಲ್ಲ. ಗುತ್ತೆಪ್ಪ ದಿನಾ ಬೆಳಗ್ಗೆ ಒಂದೊಂದು ಎಲೆ ಹಿಡಿದು ಓಣಿಯಲ್ಲೆಲ್ಲ ತೋರಿಸಿಕೊಂಡು ಬರುತ್ತಿದ್ದ, ಮೊಮ್ಮಗನನ್ನು ತೋರಿಸಿದ ಹಾಗೆ. ಹನ್ನೊಂದನೆಯ ದಿನವೂ ಎಲೆ ಹಸಿರಾಗಿಯೇ ಇತ್ತು.

ಆ ದಿನ ಅಂಕಿತಾ ಹಾನಗಲ್ಲಿನ ಬಸ್ಸಿಗೆ ಹೊರಟವಳು ಚೀಲದಲ್ಲಿ ಎಲೆಯ ಕಟ್ಟು ಇಟ್ಟುಕೊಂಡು ಕಣಕ್ಕೆ ಬಂದಳು. ತಂಬಿಗೆ ಎತ್ತಿ ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದಳು. ತಳದಲ್ಲಿ ಇನ್ನೂ ನೀರಿತ್ತು.

"ಇನ್ನ ಯಾರ್ದ ಉಳೀತ ಯಶೋಧರಾ?"

"ಗೆದ್ದಲದ್ದು ಹಾಕ್ರಿ ಅಕ್ಕಾ."

ಅಂಕಿತಾ ನಗುತ್ತ ತಂಬಿಗೆ ಬೋರಲು ಮಾಡಿದಳು. ಬಿಸಿಲಿಗೆ ಕಾದ ಮಣ್ಣು ಸುರ್ ಎಂದು ನೀರು ಕುಡಿಯಿತು.