ಎಂಟು ಹಾಡಿನ ಕಡೆಯ ನುಡಿ

ಶಫಿ ಅಳಲಿಲ್ಲ ಅನ್ನುವುದೇ ಕಮಲಾಪುರದಲ್ಲಿ ದೊಡ್ಡ ಸುದ್ದಿಯಾಗಿತ್ತು. ಮೂವತ್ತೆರಡು ವರ್ಷ ಜೋಡಿಯಾಗಿ ಹಾಡಿದ ಮಾಪಣ್ಣ ಎದೆ ಹಿಡಿದುಕೊಂಡು ಕುಸಿದು ಸತ್ತ. ಮಣ್ಣಿಗೆ ಬಂದವರೆಲ್ಲ ಗೊಳೋ ಅಂದರು. ಈ ಮನುಷ್ಯ ಮಾತ್ರ ಹಿಡಿಮಣ್ಣು ಹಾಕಿ, ಕೈ ತೊಳೆದು, ಕೊಟ್ಟ ಚಹಾ ಕುಡಿದು, ತನ್ನ ಟೇಲರ್ ಅಂಗಡಿಗೆ ಹೋಗಿ ಯಾರದೋ ಪ್ಯಾಂಟಿನ ಕಾಲು ಮಡಿಚಿ ಹೊಲಿದ. ಕಲ್ಲೆದೆಯವ ಅಂದರು ಜನ. ಅನ್ನಲಿ ಬಿಡಿ, ಜನರ ಬಾಯಿಗೆ ಬೀಗ ಹಾಕಿದವರುಂಟೆ? ಹಲ್ಲು ಕೀಳಿಸಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಶಫಿಯ ಇಡೀ ಮೈ ಜೋಮು ಹಿಡಿದಿತ್ತು. ಅದನ್ನು ಯಾರಿಗೆ ಹೇಳುವುದು?

ಇಬ್ಬರೂ ಹಾಡಿ ಮೆರೆದದ್ದು ಸಣ್ಣದಲ್ಲ. ಮಾಪಣ್ಣ ಹಾಡು ಕಟ್ಟಿ ದಮ್ಮಡಿ ಬಾರಿಸಿದರೆ ಶಫಿಯ ದನಿ ಮೂರು ಊರಾಚೆ ಕೇಳುತ್ತಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಕಲಬುರಗಿಯ ಟಂಟಂ ಆಟೋಗಳಲ್ಲೆಲ್ಲ ಅವರದೇ ಹಾಡು. ಆಮೇಲೆ ಸಿಡಿ ಬಂತು, ಅದೂ ಹೋಯಿತು. ರಾತ್ರಿಯಿಡೀ ಹಾಡಿಸಿಕೊಂಡು ದುಡ್ಡಿನ ಬದಲು ಬಾಳೆಗೊನೆ ಕೊಟ್ಟು ಕೈಮುಗಿದ ಊರೂ ಒಂದಿದೆ. ಕೆಂಬಾಳೆಗೆ ಹೆಸರಾದ ಕಮಲಾಪುರದವರಿಗೆ ಬಾಳೆಹಣ್ಣು! ಮಾಪಣ್ಣ ಅದನ್ನೇ ಹಾಡು ಮಾಡಿ ಮುಂದಿನ ವರ್ಷ ಅದೇ ಊರಲ್ಲಿ ಹಾಡಿಸಿದ. ಈಗಿನದು ಎಂಟು ಹಾಡಿನ ಆಲ್ಬಮ್ಮು, ಐದು ವರ್ಷದ ಮೇಲೆ ಮೊದಲನೆಯದು. ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ಸರ್ಫರಾಜ್ ನಡೆಸುವ ಸ್ಟುಡಿಯೋದಲ್ಲಿ ಹಾಡಿ ಬಂದ ಮೂರನೇ ವಾರಕ್ಕೆ ಮಾಪಣ್ಣ ಹೋಗಿಬಿಟ್ಟ.

ಅವರ ಹಾಡಿಗೊಂದು ಪದ್ಧತಿಯಿತ್ತು. ಕಡೆಯ ನುಡಿಯಲ್ಲಿ, ಅಂದರೆ ಕೊನೆಯ ಚರಣದಲ್ಲಿ, ಊರಿನ ಹೆಸರು, ಹಾಡು ಕಟ್ಟಿದವನ ಹೆಸರು ಬರಬೇಕು. ಆದರೆ ಕಟ್ಟಿದವನು ತನ್ನ ಹೆಸರು ತಾನೇ ಹಾಡಿಕೊಳ್ಳುವಂತಿಲ್ಲ, ಅದು ಸೊಕ್ಕು. ಜೋಡಿಯವನೇ ಹಾಡಬೇಕು. ಹಾಗಾಗಿ ಇಷ್ಟು ವರ್ಷವೂ ಮಾಪಣ್ಣನ ಹೆಸರು ಬಂದದ್ದು ಶಫಿಯ ಬಾಯಿಂದಲೇ.

ಸತ್ತ ಹನ್ನೊಂದನೇ ದಿನಕ್ಕೆ ಸರ್ಫರಾಜ್ ಫೋನು ಮಾಡಿದ.

"ಚಾಚಾ, ಹಾಡು ಭಾಳ ಉದ್ದ ಆಗ್ಯಾವ್ರಿ. ನಾಕು ನಿಮಿಷದ ಮ್ಯಾಲ ಯಾರೂ ಕೇಳಂಗಿಲ್ಲ. ಕಡೀ ನುಡಿ ತೆಗೀಲೇನ್ರಿ?"

"ಹೌ, ತೆಗಿ," ಅಂದ ಶಫಿ, ಅಂಗಿಗೆ ಗುಂಡಿ ಹಚ್ಚುತ್ತ. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಆಲ್ಬಮ್ಮು ಯೂಟ್ಯೂಬಿಗೆ ಬಂದ ದಿನ ಮಾಪಣ್ಣನ ಹೆಂಡತಿ ಜಗದೇವಿ ಅಂಗಳದಲ್ಲಿ ಚಾಪೆ ಹಾಸಿ, ಓಣಿಯ ಹೆಂಗಸರನ್ನು ಕರೆದು, ಶಫಿಯನ್ನೂ ಕೂರಿಸಿಕೊಂಡಳು. ದನಿ ದೊಡ್ಡದಾಗಲೆಂದು ಮೊಬೈಲನ್ನು ಸ್ಟೀಲ್ ಕೊಡದೊಳಗೆ ಇಳಿಬಿಟ್ಟಳು. ಮೊದಲ ಹಾಡು ಮುಗಿಯಿತು.

"ಹೆಸರು ಬರಲಿಲ್ಲಲ್ಲೋ ತಮ್ಮಾ?" ಅಂದಳು. ಮತ್ತೆ ತಾನೇ, "ಮುಂದಿನದ್ರಾಗ ಬರ್ತದೇನೋ," ಅಂದಳು.

ಎರಡನೆಯದರಲ್ಲೂ ಇಲ್ಲ, ಐದನೆಯದರಲ್ಲೂ ಇಲ್ಲ. ಎಂಟೂ ಮುಗಿದ ಮೇಲೆ ಜಗದೇವಿ ಎದ್ದು ನಿಂತಳು.

"ಯಾವ ಮನಿಹಾಳ ಕತ್ತರಿಸ್ಯಾನೋ, ಅವನ ಕೈಗಿ ಹುಳ ಬೀಳ್ಲಿ! ಮಂದಿ ಹೊಲ ಬಿಟ್ಟು ಹೋಗ್ತಾರ, ಮನಿ ಬಿಟ್ಟು ಹೋಗ್ತಾರ. ನನ್ನ ಗಂಡ ಬಿಟ್ಟು ಹೋಗಿದ್ದು ಅದೊಂದೇ ಹೆಸರು."

ಆ ಮನೆಹಾಳ ತಾನೇ ಎಂದು ಶಫಿಗೆ ಗೊತ್ತಿತ್ತು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹೆಸರು ಮರಳಿ ಹಾಕಿಸಬೇಕು ಅನ್ನುವುದಷ್ಟೇ ತಲೆಯಲ್ಲಿತ್ತು, ನಾಳೆ ಕೊಡಬೇಕಾದ ಬಟ್ಟೆಯ ಹಾಗೆ. ಬೆಳಿಗ್ಗೆ ಕಲಬುರಗಿಯ ಬಸ್ಸು ಹತ್ತಿದ. ದಾರಿಯಲ್ಲಿ ಕಪನೂರ ಬಂದದ್ದು, ದಾಟಿದ್ದು ತಿಳಿಯಲಿಲ್ಲ.

"ನಕ್ಕೋ ಚಾಚಾ, ಆಗಂಗಿಲ್ಲ!" ಸರ್ಫರಾಜ್ ಎರಡೂ ಕೈ ಎತ್ತಿಬಿಟ್ಟ. "ಹನ್ನೆರಡು ಸಾವಿರ ಮಂದಿ ನೋಡ್ಯಾರ. ತೆಗದು ಹೊಸದಾಗಿ ಹಾಕಿದ್ರ ಅಷ್ಟೂ ಸೊನ್ನಿ ಆಗ್ತದ. ನೀವೇ ತೆಗಿ ಅಂದೀರಿ."

"ಹೌ, ನಾನೇ ಅಂದೀನಿ. ಈಗ ಹಾಕು ಅನ್ನಾಕತ್ತೀನಿ."

ಅಷ್ಟು ಹೇಳಿ ಬೆಂಚಿನ ಮೇಲೆ ಕೂತ. ಸರ್ಫರಾಜ್ ಬುದ್ಧಿ ಹೇಳಿದ, ಚಹಾ ತರಿಸಿದ, ರೇಗಿದ. ಶಫಿ ಕೂತೇ ಇದ್ದ. ಸಂಜೆಗೆ ಸರ್ಫರಾಜನೇ ಸೋತು, ಕಂಪ್ಯೂಟರಿನಲ್ಲಿ ಉಳಿದಿದ್ದ ನುಡಿಗಳನ್ನು ಹುಡುಕಿ ಜೋಡಿಸತೊಡಗಿದ. ಎಂಟು ಸಲ ಶಫಿಯ ದನಿ ಮಾಪಣ್ಣನ ಹೆಸರು ಹಾಡಿತು. ಯಾರದೋ ದನಿ ಕೇಳಿದಂತೆ ಕೇಳಿ ಶಫಿ ಎದ್ದು ಬಂದ.

ಮರುದಿನ ಮತ್ತೆ ಅದೇ ಅಂಗಳ. ಮೊದಲ ಹಾಡಿನಲ್ಲೇ ಹೆಸರು ಬಂತು. ಜಗದೇವಿ ಸೆರಗು ಬಾಯಿಗಿಟ್ಟು ಅತ್ತಳು, ನಕ್ಕಳು, ಇನ್ನೊಮ್ಮೆ ಹಚ್ಚಿಸಿದಳು. ಹೆಂಗಸರು ಮನೆಗೆ ಹೋದ ಮೇಲೆ ಶಫಿಯ ಮುಂದೆ ಬಂದು ಕೂತಳು.

"ಆ ಸ್ಟುಡಿಯೋದಂವಗ ಛಲೋ ಬುದ್ಧಿ ಕಲಿಸಿ ಬಂದಿ. ನಿನ್ನ ಹೊಟ್ಟಿ ತಣ್ಣಗಿರ್ಲಿ, ತಮ್ಮಾ."

ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೇಳುವವರು ಯಾರಿದ್ದರು?

"ಯಕ್ಕಾ, ಅವನದೇನೂ ತಪ್ಪಿಲ್ಲ. ತೆಗಿ ಅಂತ ನಾನೇ ಹೇಳಿದ್ದೆ."

"ನೀನಾ? ಯಾಕೋ?"

"ಗೊತ್ತಿಲ್ಲ. ಅವತ್ತು ಯಾರರೆ ನನ್ನ ಕೈ ಕಡೀತೀನಿ ಅಂದಿದ್ರೂ ಹೌ ಅಂತಿದ್ದೆ."

ಫಟಾರನೆ ಕೆನ್ನೆಗೆ ಬಿತ್ತು. ವರ್ಷಗಟ್ಟಲೆ ತೊಗರಿ ಕೊಯ್ದ ಕೈ ಅದು, ಹಗುರಲ್ಲ. ಹೊಡೆದವಳೇ ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಶಫಿಯ ಕಿವಿ ಗುಂಯ್ ಅಂದಿತು, ಕೆನ್ನೆ ಚುರುಚುರು ಉರಿಯಿತು. ಜೋಮು ಹಿಡಿದ ಮೈಗೆ ಇಷ್ಟು ದಿನದಲ್ಲಿ ತಾಕಿದ್ದು ಅದೊಂದೇ.

"ಇನ್ನೊಂದ ಹೊಡಿ, ಯಕ್ಕಾ," ಅಂದ.