ನಾಲ್ಕನೆಯ ಶೀಲ

ನಾಲಿಗೆಯ ಕೆಳಗಿನ ಗುಳಿಗೆ ಇನ್ನೂ ಅರ್ಧವಷ್ಟೇ ಕರಗಿತ್ತು, ಅಷ್ಟರಲ್ಲಿ ಅವ್ವ ಕೇಶರಬಾಯಿ ಓಣಿಯ ಬುದ್ಧ ವಿಹಾರಕ್ಕೆ ಕರೆದಳು. ಮಚ್ಛೇಂದ್ರ ನುಂಗಿಬಿಟ್ಟ.

ಮೆಹಕರದಲ್ಲಿ ಮಳೆ ಕೈಕೊಟ್ಟ ಎರಡನೆಯ ವರ್ಷ. ಹೈದರಾಬಾದಿಗೆ ದುಡಿಯಲು ಹೊರಟವರು ಟೆಂಪೊ ಹತ್ತುವ ಮೊದಲು ಬುದ್ಧನೆದುರು ಪಂಚಶೀಲ ಸ್ವೀಕರಿಸುವುದು ಅವರ ಓಣಿಯ ರೂಢಿ. ಒಬ್ಬರು ಪಾಲಿ ಭಾಷೆಯಲ್ಲಿ ಹೇಳಿಕೊಡಬೇಕು, ಉಳಿದವರು ಹಿಂದೆ ಹೇಳಬೇಕು. ಹೇಳಿಕೊಡುತ್ತಿದ್ದ ಮಾಣಿಕ ಕಾಕಾ ತಾನೇ ಗುಳೆ ಹೋಗಿದ್ದ. ಈಗ ಉಳಿದ ವಿದ್ವಾಂಸನೆಂದರೆ ಎಂ.ಎ. ಮಾಡಿ ಮನೆಯಲ್ಲಿ ಕುಳಿತ ಇವನೇ.

ಐದನೆಯ ಶೀಲ, ಅಮಲಿನಿಂದ ದೂರವಿರುವುದು.

ಇದು ಅಮಲಲ್ಲ ಎಂದು ಅವನು ತನ್ನೊಡನೆಯೇ ವಾದಿಸಿದ. ಗಾಂಧಿ ಗಂಜಿನ ಪಾನ್ ಅಂಗಡಿಯಲ್ಲಿ ಎಲ್ಲರೆದುರೇ ಮಾರುವ ಮುನಕ್ಕಾ ಗುಳಿಗೆ. ಪೊಟ್ಟಣದ ಮೇಲೆ ಪಚನಕ್ಕೆ ಎಂದು ಅಚ್ಚಾಗಿದೆ. ಒಳಗೆ ಭಂಗಿ ಇದ್ದರೂ ಅದು ಸರಕಾರಕ್ಕೆ ಗೊತ್ತಿರುವ ಭಂಗಿ. ಚಟ ಮಾಡುವುದರಲ್ಲೂ ಕಾನೂನು ಮುರಿಯುವ ಧೈರ್ಯ ಅವನಿಗಿರಲಿಲ್ಲ. ಊರೆಲ್ಲ ಎಲ್ಲಿಗೋ ಹೊರಟಿತ್ತು. ಗುಳಿಗೆ ಹಾಕಿಕೊಂಡರೆ ಕಟ್ಟೆಯಿಂದ ಏಳದೆಯೇ ಅವನಿಗೂ ಎಲ್ಲೋ ಹೋಗಿ ಬಂದಂತಾಗುತ್ತಿತ್ತು. ಬಸ್ ಚಾರ್ಜೂ ಇಲ್ಲ.

ವಿಹಾರದ ಬಾಗಿಲಲ್ಲಿ ತಮ್ಮ ಏಕನಾಥ ತಡೆದ. ಅವನೂ ಇಂದು ಹೊರಟವನು. ಜೇಬಿನಿಂದ ಪೊಟ್ಟಣ ತೆಗೆದು ತೋರಿಸಿದ. ಅಣ್ಣನ ಹಾಸಿಗೆಯ ಕೆಳಗಿನದು.

"ಅಲ್ಲಿ ಸಂಜಿ ಹೊತ್ತು ಹ್ಯಾಂಗ ಕಳೀಬೇಕೋ ಅಣ್ಣಾ? ನಿಂಗ ಮನ್ಯಾಗಿದ್ದೇ ಕಳೀಲಾಕ ಆಗವಲ್ದು."

"ಅದು ಔಷಧ," ಎಂದ ಮಚ್ಛೇಂದ್ರ.

"ಹೌದೇನು? ಹಂಗಾದ್ರ ಐದನೇದು ಸಾಫ್ ಹೇಳು. ನೀ ಈ ಗುಳಿಗಿ ಬಿಟ್ರ ನಾನೂ ಇಲ್ಲೇ ಬಿಸಾಕಿ ಹೋಗ್ತೇನಿ. ಸುಳ್ಳು ಹೇಳಿದ್ರ ನಂಗ ಗೊತ್ತಾಗ್ತದ."

ಮೇಣದಬತ್ತಿ ಹಚ್ಚಿದರು. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ವ್ಯಭಿಚಾರ ಮಾಡುವುದಿಲ್ಲ. ಮೂರೂ ಅವನಿಗೆ ಸಲೀಸು. ಯಾವುದಕ್ಕೂ ಅವಕಾಶವೇ ಬಂದಿರಲಿಲ್ಲ. ನಾಲ್ಕನೆಯದು, ಸುಳ್ಳಾಡುವುದಿಲ್ಲ. ಹೇಳಿದ. ಎಲ್ಲರೂ ಹೇಳಿದರು. ಏಕನಾಥ ಮಾತ್ರ ಕಣ್ಣು ಮುಚ್ಚದೆ ಅಣ್ಣನ ತುಟಿಯನ್ನೇ ನೋಡುತ್ತಿದ್ದ.

ಮಚ್ಛೇಂದ್ರ ಐದನೆಯದಕ್ಕೆಂದು ಉಸಿರೆಳೆದುಕೊಂಡು ಮತ್ತೆ ನಾಲ್ಕನೆಯದನ್ನೇ ಹೇಳಿದ. ಎಲ್ಲರೂ ಹೇಳಿದರು. ತಡೆಯುತ್ತಿರುವುದು ನಾಲಿಗೆಯೋ ತಾನೋ ತಿಳಿಯಲಿಲ್ಲ. ಮತ್ತೆ ಅದನ್ನೇ.

"ಎಂ.ಎ. ಕಲ್ತವ್ರು ಹಿಂಗೇ ಹೇಳ್ತಾರೇನೋ," ಎಂದು ಗುಂಪಿನಲ್ಲಿದ್ದ ಕೌಸಲ್ಯಾಬಾಯಿ ಪಕ್ಕದವಳಿಗೆ ಪಿಸುಗುಟ್ಟಿದಳು. ಮುಗಿದ ಕೈ ಇಳಿಸಲಿಲ್ಲ. ಯಾರೂ ತಿದ್ದಲಿಲ್ಲ.

ಹೊರಗೆ ಟೆಂಪೊ ಹಾರ್ನ್ ಹೊಡೆಯಿತು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಒಬ್ಬೊಬ್ಬರಾಗಿ ಹೊರಬಿದ್ದು ಹತ್ತತೊಡಗಿದರು, ಸುಳ್ಳಾಡುವುದಿಲ್ಲ ಎನ್ನುತ್ತಲೇ. ಏಕನಾಥ ಕೊನೆಗೆ ಹತ್ತಿದ. ಅವನ ಒಂದು ಕೈ ಜೇಬಿನ ಮೇಲಿತ್ತು.

ಟೆಂಪೊ ಭಾಲ್ಕಿ ರಸ್ತೆಗೆ ತಿರುಗಿದ ಮೇಲೂ ಧೂಳಿನೊಳಗಿಂದ ಅದೇ ಒಂದು ಸಾಲು ಕೇಳಿಬರುತ್ತಿತ್ತು. ಖಾಲಿ ವಿಹಾರದಲ್ಲಿ ಮಚ್ಛೇಂದ್ರ ಕೈಮುಗಿದು ನಿಂತು, ಅವರ ಹಿಂದೆ ಅದನ್ನು ಹೇಳುತ್ತಿದ್ದ.