ಬದುಕಿದ್ದವನ ಮನೆಯಲ್ಲಿ ಬಾಡಿಸಿದ ಎಲೆ

ಎಲ್ ಸಾಲ್ವಡೋರ್‌ನ ನಮ್ಮ ಬೆಟ್ಟದೂರಿನಲ್ಲಿ ರಾಶಿಗಟ್ಟಲೆ ಬಾಳೆಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸುವುದು ಎರಡೇ ಕಾರಣಕ್ಕೆ. ಒಂದು ಕ್ರಿಸ್‌ಮಸ್, ಇನ್ನೊಂದು ಸಾವು. ಎರಡಕ್ಕೂ ಬಂದವರಿಗೆಲ್ಲ ಎಲೆಯಲ್ಲಿ ಸುತ್ತಿ ಬೇಯಿಸಿದ ಮೆಕ್ಕೆಜೋಳದ ಕಡುಬು, ಅಂದರೆ ತಮಾಲ್, ಹಂಚಲೇಬೇಕು.

ಕ್ರಿಸ್‌ಮಸ್ ಇನ್ನೂ ದೂರವಿತ್ತು. ಆದರೂ ಆ ಬೆಳಿಗ್ಗೆ ಒತಿಲಿಯ ಎಂಬವಳು ಒಲೆ ಮುಂದೆ ಕೂತು ಎಲೆ ಬಾಡಿಸುತ್ತಿದ್ದಳು. ಪರದೆಯ ಆಚೆ ಅವಳ ಗಂಡ ಲಿಯೋನ್ಸಿಯೊ ಮಲಗಿದ್ದ. ಹೊಟ್ಟೆಯ ಕ್ಯಾನ್ಸರ್. ವಾಸಿಯಾಗುವ ಹಂತ ದಾಟಿದೆ ಎಂದು ಹೇಳಿ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು.

ಅಷ್ಟರಲ್ಲಿ ಒತಿಲಿಯಳ ನಾದಿನಿ ತ್ರಾನ್ಸಿತೊ ಸಿಹಿ ಬ್ರೆಡ್ಡಿನ ಪೊಟ್ಟಣ ಹಿಡಿದು ಬಂದಳು. ಭಾನುವಾರ ಬಂದು, ಅಣ್ಣನ ಹಣೆ ಮುಟ್ಟಿ, ಒಂದಿಷ್ಟು ಕಣ್ಣೀರು ಹಾಕಿ, ಬಸ್ಸಿಗೆ ಹೊತ್ತಾಯಿತು ಎಂದು ಎದ್ದು ಹೋಗುವುದು ಅವಳ ವಾಡಿಕೆ. ಎಲೆಯ ರಾಶಿ ಕಂಡದ್ದೇ ಅವಳ ಮೈ ಉರಿಯಿತು.

"ಯಾರ್ ಸಾವಿಗೆ ಅತ್ತಿಗೆ ಇದು? ನಮ್ಮಣ್ಣ ಇನ್ನೂ ಉಸಿರಾಡ್ತಾ ಇದಾನೆ, ಗೊತ್ತಾ?"

ತಾನೇನು ಮಾಡುತ್ತಿದ್ದೇನೆ ಎಂದು ಒತಿಲಿಯ ತನ್ನ ಕೈಯನ್ನು ನೋಡಿಕೊಂಡದ್ದು ಆಗಲೇ. ಹಿಡಿದಿದ್ದ ಎಲೆ ಸೀದುಹೋಯಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವಳಿಗೆ. ಸದ್ದು ಕೇಳಿ ಬೇಲಿಯಾಚೆಯ ನೆರೆಮನೆಯವಳು, ದೊರೊತೆಯ, ಓಡಿ ಬಂದಳು. ಹಿಂದೆ ಇದೇ ಕಾಯಿಲೆಯಲ್ಲಿ ತನ್ನ ತಾಯಿಯನ್ನು ನೋಡಿಕೊಂಡವಳು ಅವಳು.

"ಬೆಳಿಗ್ಗೆ ಅವರ ಬಟ್ಟೆ ಬದಲಾಯಿಸ್ತಾ, 'ದೇವರೇ, ಇವತ್ತೇ ಕರ್ಕೊಂಡ್ಬಿಡು' ಅಂದ್ಬಿಟ್ಟೆ," ಎಂದು ತಲೆ ಎತ್ತದೆ ಹೇಳಿದಳು ಒತಿಲಿಯ. "ಆಮೇಲೆ ಕೈ ತಾನಾಗೇ ಎಲೆ ಕೊಯ್ತು. ನಾನೆಂಥ ಹೆಂಡ್ತಿ!"

"ಛೀ!" ಎಂದಳು ತ್ರಾನ್ಸಿತೊ.

"ಛೀ ಅಂತೀಯಲ್ಲ, ಒಂದ್ ರಾತ್ರಿನಾದ್ರೂ ಇಲ್ಲಿ ಮಲಗಿದ್ಯೇನೇ ನೀನು?" ಎಂದು ದೊರೊತೆಯ ತಿರುಗಿಬಿದ್ದಳು. "ನಮ್ಮಮ್ಮನ್ನ ನೋಡ್ಕೊಳ್ಳೋವಾಗ ನಂಗೂ ಹೀಗೇ ಅನಿಸ್ತಿತ್ತು. ನಾಚಿಕೆಗೆ ಪಾದ್ರಿ ಹತ್ರನೂ ಬಾಯಿ ಬಿಡ್ಲಿಲ್ಲ. ಕೊನೆಗೆ ಆರೋಗ್ಯ ಕೇಂದ್ರದ ನರ್ಸ್ ಹೇಳಿದ್ರು, ಇದು ದ್ವೇಷ ಅಲ್ಲ, ದಣಿವು ಅಂತ. ನಿದ್ದೆ ಇಲ್ದೆ, ಊಟ ಸೇರದೆ, ಅಳೋಕೂ ಬಿಡುವಿಲ್ದೆ ಇದ್ರೆ ಯಾರ ಮನಸ್ಸಾದ್ರೂ ಹೀಗೇ ಕೂಗ್ಕೊಳ್ಳತ್ತೆ. ರೋಗಿಗಳನ್ನ ನೋಡ್ಕೊಳ್ಳೋ ನಮ್ಮಂಥೋರು ಆ ಕೇಂದ್ರದಲ್ಲಿ ಸೇರಿ ಮಾತಾಡ್ತಾರೆ. ಒಬ್ರಿಗೊಬ್ರು ಸರದಿ ಮೇಲೆ ಕೈಜೋಡಿಸ್ತಾರೆ."

"ಗಂಡನ್ನ ನೋಡ್ಕೊಳ್ಳೋದು ಹೆಂಡ್ತಿ ಕೆಲ್ಸ. ಬೇರೆಯವರು ಕೈ ಹಾಕಿದ್ರೆ ಊರು ನಗಲ್ವಾ?" ಎಂದಳು ತ್ರಾನ್ಸಿತೊ.

"ನಗೋರು ಬಂದು ಮೊದ್ಲು ಆ ಬಟ್ಟೆ ಒಗೀಲಿ. ಆಮೇಲೆ ನಗ್ಲಿ," ಎಂದಳು ದೊರೊತೆಯ.

ಪರದೆಯ ಆಚೆ ಕೆಮ್ಮು ಕೇಳಿತು. ಮೂವರೂ ಬೆಚ್ಚಿದರು. ನಡುವೆ ಇರುವುದು ಬರೀ ಬಟ್ಟೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಅವನು ಎಲ್ಲವನ್ನೂ ಕೇಳಿದ್ದ. ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು ಒತಿಲಿಯ.

"ಒತಿ, ಇಲ್ ಬಾ," ಎಂದ ಲಿಯೋನ್ಸಿಯೊ. ಅವಳು ಹೋಗಿ ಹಾಸಿಗೆಯ ಅಂಚಿನಲ್ಲಿ ನಿಂತಳು. "ನೀನೊಬ್ಳೇ ಅಲ್ಲ ಕಣೇ. ನಿನ್ ಮುಖ ನೋಡಿದಾಗೆಲ್ಲ ನಾನೂ ಅದನ್ನೇ ಬೇಡ್ಕೊಳ್ತೀನಿ. ನಾಚಿಕೆಯಾಗಿ ಹೇಳ್ಲಿಲ್ಲ."

ಗಂಡ ಹೆಂಡತಿ ಇಬ್ಬರೂ ಅತ್ತರು. ಎಷ್ಟೋ ದಿನದಿಂದ ಒಬ್ಬರಿಗೊಬ್ಬರು ಕಾಣದಂತೆ ಅಳುತ್ತಿದ್ದವರು ಅವರು.

"ಎಲೆ ಬಿಸಾಕ್ಬೇಡಿ," ಎಂದ ಅವನು, ಉಸಿರು ಸುಧಾರಿಸಿಕೊಂಡು. "ನಾನಿರೋವಾಗ್ಲೇ ತಮಾಲ್ ಮಾಡಿ. ಸತ್ಮೇಲೆ ಊರೋರೆಲ್ಲ ತಿಂತಾರೆ, ನಂಗೆ ವಾಸನೆನೂ ಸಿಗಲ್ಲ."

ತ್ರಾನ್ಸಿತೊಗೆ ಅಣ್ಣನ ಮುಖ ನೋಡಲಾಗಲಿಲ್ಲ. ಪೊಟ್ಟಣ ಕೆಳಗಿಟ್ಟಳು. "ಬಸ್ಸು ಹೋದ್ರೆ ಹೋಗ್ಲಿ. ಇವತ್ತು ನಾನಿರ್ತೀನಿ. ಅಣ್ಣನ್ನ ಹೇಗೆ ಹೊರಳಿಸೋದು ಅಂತ ತೋರ್ಸು ಅತ್ತಿಗೆ."

ಹಿಟ್ಟು ಕಲಸಿದ್ದು ದೊರೊತೆಯ. ಹಗ್ಗದ ಜೋಲಿಯಲ್ಲಿ ಮಲಗಿ ನಿದ್ದೆಹೋದ ಒತಿಲಿಯ, ತಮಾಲ್ ಬೆಂದರೂ ಏಳಲಿಲ್ಲ. ಲಿಯೋನ್ಸಿಯೊ ಬೆರಳ ತುದಿಯಷ್ಟು ಬೆಂದ ತಮಾಲನ್ನು ನೆಕ್ಕಿ, ಉಪ್ಪು ಕಮ್ಮಿ ಎಂದ. ಮರುದಿನ ದೊರೊತೆಯ ಒತಿಲಿಯಳನ್ನು ನರ್ಸ್ ಹತ್ತಿರ ಕರೆದುಕೊಂಡು ಹೋದಳು.

ಓದುತ್ತಿರುವ ಅಕ್ಕ, ಅಣ್ಣ, ನೀವೇ ಒತಿಲಿಯ ಆಗಿದ್ದರೆ, ನಿಮ್ಮ ಮನಸ್ಸಿಗೆ ಬಂದ ಆ ಮಾತಿಗೆ ನಾಚಬೇಡಿ. ನಂಬಿಕೆಯ ಒಬ್ಬರ ಮುಂದೆ ಹೇಳಿ, ಆರೋಗ್ಯ ಕೇಂದ್ರದಲ್ಲಿ ಹೇಳಿ. ನಿಮ್ಮ ಓಣಿಯಲ್ಲಿ ಒಬ್ಬ ಒತಿಲಿಯ ಇದ್ದರೆ, ರೋಗಿ ಹೇಗಿದ್ದಾರೆ ಎಂದಷ್ಟೇ ಕೇಳಿ ಬರಬೇಡಿ. ನೀನು ಮಲಗಿ ಎಷ್ಟು ದಿನವಾಯಿತು ಎಂದೂ ಕೇಳಿ, ತೋಳೇರಿಸಿ ಕೆಲಸಕ್ಕೆ ನಿಲ್ಲಿ. ಸಾವಿನ ಮನೆಗೆ ಹೋಗಲು ನಮಗೆಲ್ಲ ಹೇಗೋ ಬಿಡುವು ಸಿಗುತ್ತದೆ. ಅದಕ್ಕೆ ಮೊದಲೇ ಹೋಗಿ.